ಬೇಳೆ ಬೇಯದ ನೀರು

ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಬಾವಿಯ ಬಾಯಿಯ ಮೇಲೆ ಕೊನೆಯ ಶಹಾಬಾದ ಕಲ್ಲು ಕೂತಾಗ ಗಡಿಯಾರ ನೋಡಿದವಳು ನಾನೇ. ವರದಿಯಲ್ಲಿ ಸಮಯ ಬರೆಯಬೇಕಿತ್ತು. ಕಲ್ಲಿನ ಸಂದಿಗೆ ಸಿಮೆಂಟು ಒತ್ತುತ್ತಿದ್ದ ಬೆರಳುಗಳು ಈಗಲೂ ಕಣ್ಣ ಮುಂದೆ ಇವೆ. ಮುಂಗೈವರೆಗೆ ಬಿಸಿಲಿಗೆ ಸುಟ್ಟ ಕಪ್ಪು ಮೈ. ಅಲ್ಲಿಂದಾಚೆ ಬೇಯಿಸಿ ಸಿಪ್ಪೆ ಸುಲಿದ ಗೆಣಸಿನ ಹಾಗೆ ಬಿಳಿಚಿದ ಚರ್ಮ. ಉಗುರುಗಳು ಉದ್ದಕ್ಕೆ ಸೀಳಿದ್ದವು. ಮೂವತ್ತು ವರ್ಷ ಊರೂರಿನ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಕಲಸಿ ಹಾಕಿದ ಕೈ ಅದು. ಆ ಬಾವಿ ಮುಚ್ಚಬಾರದು ಎಂದು ಹೇಳಿದ ಒಬ್ಬನೇ ಮನುಷ್ಯನ ಕೈ. ಮುಚ್ಚಿದ್ದೂ ಅದೇ ಕೈ.

ಸರ್ಕಾರಿ ಕಾಗದದಲ್ಲಿ ಅವರು ಆರೋಗ್ಯ ನಿರೀಕ್ಷಕರು. ವಾಡಿಯಿಂದ ಚಿತ್ತಾಪುರ, ಅತ್ತ ಕಾಳಗಿ, ಇತ್ತ ಮಳಖೇಡದವರೆಗೆ ಹಳ್ಳಿಯವರ ಬಾಯಲ್ಲಿ ಅವರು ಪೌಡರ್ ಸಾಹೇಬ. ನನಗೆ ಕಾಕಾ. ಅವರ ತಂದೆ ಕಾಗಿಣಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವರು. ಹೊಳೆ ಬತ್ತಿದಾಗ ಉಸುಕಿನಲ್ಲಿ ಎಲ್ಲಿ ತೋಡಿದರೆ ನೀರು ಬರುತ್ತದೆ, ಆ ನೀರು ಎಷ್ಟು ಹೊತ್ತು ತಿಳಿಯಾಗಿರುತ್ತದೆ ಎಂಬುದು ಕಾಕಾರಿಗೆ ಯಾವ ತರಬೇತಿಯೂ ಇಲ್ಲದೆ ಗೊತ್ತಿತ್ತು.

ಯಾವ ಮನೆಯ ಹೊಸ್ತಿಲು ತುಳಿದರೂ ಅವರ ಮೊದಲ ಮಾತು, "ಯಾವ ನೀರು?" ಹೆಸರು ಆಮೇಲೆ. ಮನೆಗಳು ಅವರ ನೆನಪಿನಲ್ಲಿ ಹೆಸರಿನಿಂದ ಇರಲಿಲ್ಲ. ಅಗಸಿ ಬಾವಿ ಮನೆ, ಬೋರಿನ ಮನೆ, ಖಣಿ ನೀರಿನ ಮನೆ ಎಂದೇ ಇದ್ದವು. ಶಹಾಬಾದಿನ ಒಂದು ಮದುವೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಕ್ಕಿಕಾಳು ಹಾಕುವ ಮೊದಲೇ ಅಡುಗೆ ಕಡೆಗೆ ನಡೆದು, ಅಂಗಿಯ ಜೇಬಿನಿಂದ ಸಣ್ಣ ಶೀಶೆ ತೆಗೆದು, ಕುಡಿಯುವ ನೀರಿಗೆ ಎರಡು ಹನಿ ಬಿಟ್ಟರು. ಕ್ಲೋರಿನ್ ಇದ್ದರೆ ಹಳದಿಯಾಗಬೇಕು. ಆಗಲಿಲ್ಲ. ಹೆಣ್ಣಿನ ತಂದೆ ಓಡಿ ಬಂದರು.

"ಸಾಹೇಬ್ರೆ, ಬೀಗರ ಮುಂದ ಮರ್ಯಾದಿ ತೆಗಿಬ್ಯಾಡ್ರಿ. ಕೈ ಮುಗಿತೀನಿ."

"ಮರ್ಯಾದಿ ನಾಳಿಗಿ ವಾಪಸ್ ಕೊಡ್ತೀನಿ. ಇವತ್ತ ಹಂಡೇದ ಮುಚ್ಚಳ ತೆಗಿರಿ."

ಪುಡಿ ಹಾಕಿ, ಅರ್ಧ ತಾಸು ಹಂಡೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಕಾಯ್ದು, ಆಮೇಲೆ ಅಕ್ಷತೆ ಹಾಕಲು ಹೋದರು. ಅಷ್ಟರಲ್ಲಿ ತಾಳಿ ಕಟ್ಟಿ ಮುಗಿದಿತ್ತು.

ನಾನು ಸೇಡಂನವಳು. ನಮ್ಮಪ್ಪ ತೊಗರಿ ಬೇಳೆಯ ವ್ಯಾಪಾರಿ. ಇದನ್ನು ಈಗಲೇ ಹೇಳಿಬಿಡಬೇಕು. ಮುಂದೆ ನಡೆದದ್ದರಲ್ಲಿ ನನಗೆ ಅತಿ ಹೆಚ್ಚು ಚುಚ್ಚುವುದು ಇದೇ. ಕಲಬುರಗಿಯಲ್ಲಿ ಸಂಖ್ಯಾಶಾಸ್ತ್ರ ಓದಿದೆ. ಕೊರೊನಾ ಕಾಲದಲ್ಲಿ ರೋಗ ಹರಡುವ ಲೆಕ್ಕ ಹಾಕುವವರಿಗೆ ಬೇಡಿಕೆ ಬಂತು, ಒಂದು ಯೋಜನೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಕೊರೊನಾ ಹೋದ ಮೇಲೆ ವಾಂತಿಭೇದಿಯ ಲೆಕ್ಕಕ್ಕೆ ಹಾಕಿದರು. ನನ್ನ ಕೆಲಸ ಹೇಳಲು ಸುಲಭ: ಒಂದು ಊರಿನ ಮನೆಗಳು, ನೀರಿನ ಮೂಲಗಳು, ಯಾರಿಗೆ ಯಾವತ್ತು ಬೇನೆ ಬಂತು, ಇವನ್ನು ಕಂಪ್ಯೂಟರಿಗೆ ಕೊಡುವುದು. ಸರ್ಕಾರ ಹೀಗೆ ಮಾಡಿದರೆ ನಾಳೆ ಎಷ್ಟು ಜನಕ್ಕೆ ಬರುತ್ತದೆ, ಹಾಗೆ ಮಾಡಿದರೆ ಎಷ್ಟು ಎಂದು ಎರಡು ಗೆರೆ ಬರೆಯಿಸುವುದು. ಕೆಳಗಿನ ಗೆರೆ ಯಾವ ಕ್ರಮದ್ದೋ ಅದನ್ನು ತಾಲ್ಲೂಕು ಆರೋಗ್ಯಾಧಿಕಾರಿ ಸಾಹೇಬರಿಗೆ ತೋರಿಸುವುದು.

ಕಾಕಾ ಕೂಡ ಅದೇ ಕೆಲಸ ಮಾಡುತ್ತಿದ್ದರು, ನೆಲದ ಮೇಲೆ. ಕಚೇರಿಯ ಪಡಸಾಲೆಗೆ ಶಹಾಬಾದ ಕಲ್ಲು ಹಾಸಿತ್ತು. ಒಂದೊಂದು ಕಲ್ಲಿಗೆ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆಯುವರು. ಗಟ್ಟಿ ಇದ್ದವರಿಗೆ ಜೋಳದ ಕಾಳು, ಮಲಗಿದವರಿಗೆ ತೊಗರಿ ಕಾಳು. ಬೇನೆ ಬಿದ್ದ ಊರಿಗೆ ಹೋಗಿ ಬಂದ ಕೂಡಲೇ ಕಾಳುಗಳನ್ನು ಸರಿಸುತ್ತ ಕೂಡುವರು. ಈ ಮನೆಯಾಕೆ ಬೆಳಿಗ್ಗೆ ಎಲ್ಲಿ ನೀರಿಗೆ ಹೋದಳು, ಯಾರ ಕೊಡಕ್ಕೆ ಕೈ ಹಚ್ಚಿದಳು, ಯಾವ ಮನೆಗೆ ಮಜ್ಜಿಗೆ ಕೊಟ್ಟಳು ಎಂದು ಗುನುಗುತ್ತ ಒಂದೊಂದು ಜೋಳವನ್ನು ತೆಗೆದು ಅಲ್ಲಿ ತೊಗರಿ ಇಡುವರು. ಗುಬ್ಬಿಗಳು ಬಂದು ಊರನ್ನೇ ತಿಂದುಹೋಗುತ್ತಿದ್ದವು. ಆಗ ಕಾಕಾ ಬೈಯುತ್ತಿರಲಿಲ್ಲ. "ನೋಡು ತಂಗಿ, ನಮ್ಮ ಸಾಹೇಬ್ರು ಬಂದ್ರು," ಎನ್ನುತ್ತಿದ್ದರು.

ಮೂರು ಬೇಸಿಗೆಯ ಹಿಂದೆ, ಕಾಗಿಣಾ ದಂಡೆಯ ಒಂದು ಊರಲ್ಲಿ ಬಾವಿಯ ಸುತ್ತಲಿನ ಎಂಟು ಮನೆಗಳಲ್ಲಿ ವಾಂತಿಭೇದಿ ಸುರುವಾಯಿತು. ಊರಿನ ಹೆಸರು ಬರೆಯುವುದಿಲ್ಲ. ಬಾವಿಯ ಪಕ್ಕದಲ್ಲೇ ಚರಂಡಿ ಒಡೆದಿತ್ತು. ನೀರು ಕೆಟ್ಟಿದೆ ಎನ್ನುವುದರಲ್ಲಿ ನಮಗಿಬ್ಬರಿಗೂ ಅನುಮಾನ ಇರಲಿಲ್ಲ. ಮುಂದೇನು ಎಂಬುದರಲ್ಲಿ ಮಾತ್ರ ಬೇರೆಯಾದೆವು. ಬಾವಿ ಮುಚ್ಚಿ, ಮನೆ ಬಾಗಿಲಿಗೆ ಟ್ಯಾಂಕರ್ ನೀರು ಕೊಡುವುದು ಒಂದು ದಾರಿ. ಚರಂಡಿ ಕಟ್ಟಿ, ಬಾವಿಗೆ ದಿನಕ್ಕೆ ಎರಡು ಸಲ ಪುಡಿ ಹಾಕಿ, ಕಾವಲು ಕೂತು, ಅದೇ ನೀರು ಕೊಡುವುದು ಇನ್ನೊಂದು. ನನ್ನ ಕಂಪ್ಯೂಟರಿನಲ್ಲಿ ಮೊದಲನೆಯ ಗೆರೆ ಮೂರನೆಯ ದಿನಕ್ಕೇ ಕೆಳಗೆ ಬಿತ್ತು. ಎರಡನೆಯದು ವಾರದವರೆಗೂ ಎಳೆಯಿತು.

ಆ ಸೋಮವಾರ ಬೆಳಿಗ್ಗೆ ಕಾಕಾ ಪಡಸಾಲೆಗೆ ನನ್ನನ್ನು ಕರೆದರು. ಅವರ ಊರಲ್ಲಿ, ಅಂದರೆ ಕಲ್ಲಿನ ಮೇಲೆ, ಬಾವಿಗೆ ಒಂದು ಬೆಂಕಿಪೊಟ್ಟಣ ಮುಚ್ಚಿದ್ದರು. ಜೋಳದ ಕಾಳುಗಳೆಲ್ಲ ಮನೆ ಬಿಟ್ಟು ಒಂದು ಮೂಲೆಗೆ ಹೋಗಿ ರಾಶಿ ಬಿದ್ದಿದ್ದವು.

"ಇದ್ಯಾವ ಜಾಗ ಕಾಕಾ?"

"ಹೊಳಿ."

"ಟ್ಯಾಂಕರ್ ಬಾಗಲಿಗೇ ಬರ್ತದಲ್ರೀ. ಬಿಸಲಾಗ ಹೊಳಿಗಿ ಯಾಕ ಹೋಗ್ತಾರ?"

"ಬ್ಯಾಳಿ ಬೇಯಂಗಿಲ್ಲ ತಂಗಿ."

ನಾನು ನಕ್ಕೆ. ಆ ನಗು ಹೇಗಿತ್ತೆಂದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದನ್ನು ನೋಡಿ ಅವರೂ ಸ್ವಲ್ಪ ನಕ್ಕರು, ಸಣ್ಣ ಮಕ್ಕಳ ಜೊತೆ ನಕ್ಕ ಹಾಗೆ.

"ಟ್ಯಾಂಕರ್ ನೀರು ಬೋರಿಂದು. ನಮ್ಮ ನೆಲದಾಗೆಲ್ಲ ಸುಣ್ಣದ ಕಲ್ಲು. ಆ ನೀರಾಗ ಎರಡ್ ತಾಸು ಕುದಿಸಿದ್ರೂ ಬ್ಯಾಳಿ ಕಾಳು ಕಾಳೇ ಉಳಿತದ. ಬಾವಿ ನೀರು ಸಿಹಿ. ಬಾವಿ ಮುಚ್ಚಿದ್ರ ಹೆಣ್ಮಕ್ಕಳು ಉಸುಕಿನಾಗ ವರ್ತಿ ತೋಡಿ ನೀರು ತರ್ತಾರ. ಹೊಳಿ ಮ್ಯಾಲಿನ ಕಡೀಗೇ ಊರ ಮಂದಿ ಬಯಲಿಗಿ ಕೂಡ್ತದ."

"ಬ್ಯಾಳಿ ಕುದಿತದಲ್ಲ ಕಾಕಾ. ಕುದ್ದ ನೀರಾಗ ಏನ್ ಉಳಿತದ?"

"ಬ್ಯಾಳಿ ಕುದಿತದ. ಕೊಡ ಕುದಿತದೇನು? ಸಿಹಿ ನೀರು ಮನಿಯಾಗ ಇದ್ರ ಟ್ಯಾಂಕರಿನ ಪುಡಿ ವಾಸನಿ ನೀರು ಯಾರ್ ಕುಡಿತಾರ?"

ನನ್ನ ಲೆಕ್ಕದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಪ್ರತಿ ಮನೆಯೂ ತನಗೆ ಹತ್ತಿರದ ನೀರನ್ನು ತೆಗೆದುಕೊಳ್ಳುತ್ತದೆ ಎಂದು ಬರೆದಿದ್ದೆ. ಬಾಗಿಲಿಗೆ ಬಂದ ಟ್ಯಾಂಕರಿಗಿಂತ ಹತ್ತಿರದ್ದು ಯಾವುದು? ಹೊಳೆ ಒಂದು ಮೈಲಿ ದೂರ. ಕಂಪ್ಯೂಟರಿನ ಪ್ರಕಾರ ಅಲ್ಲಿಗೆ ಯಾರೂ ಹೋಗುವುದಿಲ್ಲ.

ಸೇಡಂನ ನಮ್ಮ ಮನೆಯ ಅಡುಗೆಮನೆಯಲ್ಲಿ, ನಾನು ಹುಟ್ಟುವ ಮೊದಲಿನಿಂದಲೂ, ಬೇಳೆಗೆಂದೇ ಬೇರೆ ಕೊಡ ಇತ್ತು. ಅವ್ವ ಅದನ್ನು ನಾಲ್ಕು ಓಣಿ ಆಚೆಯ ಬಾವಿಯಿಂದ ತರಿಸುತ್ತಿದ್ದಳು. ಮನೆಯ ನಲ್ಲಿಯ ನೀರನ್ನು ಅದಕ್ಕೆ ಬೆರೆಸಿದ್ದಕ್ಕೆ ನಾನು ಚಿಕ್ಕವಳಿದ್ದಾಗ ಬೆನ್ನ ಮೇಲೆ ಏಟು ತಿಂದಿದ್ದೇನೆ. ಬೇಳೆ ಮಾರಿ ನನ್ನನ್ನು ಓದಿಸಿದ ಮನೆ ನಮ್ಮದು. ಕಾಕಾ ಹೇಳಿದ್ದು ನನಗೆ ಹೊಸ ವಿಷಯವಾಗಿರಲಿಲ್ಲ. ಅದು ಲೆಕ್ಕಕ್ಕೆ ಸೇರಬೇಕಾದ ವಿಷಯ ಎಂದು ನನಗೆ ಹೊಳೆಯಲೇ ಇಲ್ಲ.

ಸಾಹೇಬರ ಕೋಣೆಯಲ್ಲಿ ಸಭೆ ಹತ್ತು ನಿಮಿಷಕ್ಕೆ ಮುಗಿಯಿತು.

"ಕಂಪ್ಯೂಟರ್ ಏನ್ ಹೇಳ್ತದ ಮೇಡಂ?"

ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ.

"ಸಾಹೇಬ್ರೆ, ಮುಚ್ಚಬ್ಯಾಡ್ರಿ," ಎಂದರು ಕಾಕಾ. "ಪುಡಿ ಹಾಕಿ ನಾನೇ ಕುಂದರ್ತೀನಿ. ಅಲ್ಲೇ ಮಲಗ್ತೀನಿ. ಹನಿ ಹಳದಿ ಆಗೋತನಕ ಒಂದ್ ಕೊಡ ಬಿಡಲ್ಲ."

"ನಾಳೆ ಒಂದು ಹೆಣ ಬಿದ್ರ ಪೇಪರಿನವರು 'ಬಾವಿ ಯಾಕ ಮುಚ್ಚಲಿಲ್ಲ' ಅಂತ ಕೇಳ್ತಾರ. 'ಬ್ಯಾಳಿ ಬೇಯಂಗಿಲ್ಲರೀ' ಅಂತ ಹೇಳ್ಲೇನು?" ಸಾಹೇಬರು ನಕ್ಕರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. "ನಿಮ್ಮ ಜ್ವಾಳದ ಲೆಕ್ಕ ಗುಬ್ಬಿಗಿ ಹಾಕ್ರಿ. ಇವತ್ತೇ ಮುಚ್ಚಿಸಿ ಬರ್ರಿ."

ಬಾವಿಯ ಎದುರಿನ ಮನೆ ಸಾಬಮ್ಮನದು. ಖಣಿಯಲ್ಲಿ ಕಲ್ಲು ಹೊರುವ ಗಟ್ಟಿ ಹೆಂಗಸು. ಆಕೆಯ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ಚಿಂಚೋಳಿ ಕಡೆಯ ಗಂಡನ ಮನೆಯಿಂದ ಬಂದಿದ್ದಳು, ಏಳು ತಿಂಗಳು. ಕಲ್ಲು ಹಾಸುವಾಗ ಸಾಬಮ್ಮ ಕಟ್ಟೆಯ ಮೇಲೆ ನಿಂತು ಕೂಗಿದಳು:

"ಏ ಪೌಡರ್ ಸಾಹೇಬ, ನಿನ್ನ ಪುಡಿ ಮುಗೀತೇನೋ? ಈಗ ಕಲ್ಲು ಹಾಕ್ಲಿಕತ್ತಿ!"

"ಟ್ಯಾಂಕರ್ ಬರ್ತದ ಯವ್ವಾ. ಅದನ್ನೇ ಕುಡೀರಿ. ಹೊಳಿ ಕಡಿ ಹೋಗಬ್ಯಾಡ್ರಿ, ನಿನ್ನ ಕಾಲ ಬೀಳ್ತೀನಿ."

"ಮಗಳಿಗಿ ಆ ನೀರಿನ ವಾಸನಿಗೇ ಓಕರಿಕಿ ಬರ್ತದ. ಕಾಲ ಬಿದ್ರ ಓಕರಿಕಿ ನಿಲ್ತದೇನು?"

ಅವರು ಕೊನೆಯ ಕಲ್ಲು ಕೂಡಿಸಿದರು. ಸಂದಿಗೆ ಸಿಮೆಂಟು ಒತ್ತಿದರು. ನಾನು ಹನ್ನೊಂದು ಇಪ್ಪತ್ತು ಎಂದು ಬರೆದುಕೊಂಡೆ.

ಗುರುವಾರ ಮತ್ತೆ ಹೋದೆವು. ಹೊಸ ಪ್ರಕರಣ ಎರಡೇ ಎರಡು. ಗೆರೆ ನಾನು ಬರೆದ ಹಾಗೆಯೇ ಇಳಿಯುತ್ತಿತ್ತು. ನನಗೆ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಕಾಕಾ ನನ್ನನ್ನು ಮೂರು ಮನೆಗೆ ಕರೆದೊಯ್ದರು. ಪ್ರತಿ ಮನೆಯ ಬಾಗಿಲಲ್ಲಿ ಟ್ಯಾಂಕರಿನ ನೀರು ತುಂಬಿದ ಡ್ರಮ್ಮು. ಅದರ ಅಂಚಿಗೆ ಬೆರಳು ಎಳೆದು ತೋರಿಸಿದರು. ನಾಲ್ಕೇ ದಿನಕ್ಕೆ ಸುಣ್ಣದ ಬಿಳಿ ಗೆರೆ ಕಟ್ಟಿತ್ತು. ಆಮೇಲೆ ಒಳಗೆ ಹೋಗಿ ಒಲೆ ಪಕ್ಕದ ಕೊಡವನ್ನು ಬೆಳಕಿಗೆ ತಿರುಗಿಸಿದರು. ಕಂಠದಲ್ಲಿ ಗೆರೆಯೇ ಇಲ್ಲ, ಹೊಸದರ ಹಾಗೆ ಹೊಳೆಯುತ್ತಿತ್ತು. ತಳದಲ್ಲಿ ಚಿಟಿಕೆಯಷ್ಟು ಉಸುಕು.

"ಮಂದಿ ನಿನಗ ಟ್ಯಾಂಕರ್ ನೀರೇ ಕುಡಿತೀವಿ ಅಂತ ಬರಿಸ್ಯಾರ. ಕೊಡಕ್ಕ ಕೇಳು."

ಮೂರೂ ಮನೆಯಲ್ಲಿ ಅದೇ. ಮೂರನೆಯದು ಸಾಬಮ್ಮನ ಮನೆ. ಮಗಳು ಒಲೆಯ ಮುಂದೆ ಕೂತು ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದಳು. ನಮ್ಮನ್ನು ನೋಡಿ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಕ್ಕಳು, ಬೆಲ್ಲ ಕದ್ದು ಸಿಕ್ಕಿಬಿದ್ದವಳ ಹಾಗೆ. "ಸಾಹೇಬ್ರೆ, ಅವ್ವಗ ಬೈಬ್ಯಾಡ್ರಿ. ನಾನೇ ಹೋಗು ಅಂದೀನಿ. ಹೊಟ್ಟಿಯೊಳಗಿಂದು ಬ್ಯಾಳಿ ಕಟ್ಟು ಕೇಳ್ತದ."

ಕಾಕಾ ಆ ಕೊಡಕ್ಕೆ ಪುಡಿ ಕಲಸಿ ಸೋಸಿದ ತಿಳಿ ಹಾಕಿದರು. ನಾವು ಓಣಿ ದಾಟುವ ಮೊದಲೇ ಒಳಗಿನಿಂದ ನೀರು ಚೆಲ್ಲಿದ ಸದ್ದು ಕೇಳಿತು.

ನಾನು ಕೊಡಗಳ ಫೋಟೊ ತೆಗೆದಿದ್ದೆ. ಸಾಹೇಬರಿಗೆ ತೋರಿಸಿದೆ. "ಯಶಸ್ಸು ಅಂತ ಮ್ಯಾಲಿನವರಿಗಿ ವರದಿ ಹೋಗ್ಯಾದ ಮೇಡಂ. ನಿಮ್ಮದೇ ಗೆರಿ ಹಚ್ಚಿ ಕಳಿಸೀವಿ. ಈಗ ಅದು ಸುಳ್ಳ ಅಂತ ನೀವೇ ಬರಕೊಡ್ತೀರೇನು?" ಎಂದರು. ನಾನು ಬರೆದುಕೊಡಲಿಲ್ಲ. ಅದಕ್ಕೆ ಬೇಕಿದ್ದದ್ದು ಎರಡು ಸಾಲು.

ಕಾಕಾ ಶುಕ್ರವಾರದಿಂದ ಕಚೇರಿಗೆ ಬರಲಿಲ್ಲ. ಹೊಳೆಗೆ ಹೋದರು. ಉಸುಕಿನಲ್ಲಿ ಹೆಂಗಸರು ತೋಡಿದ್ದ ಮೂರು ಗುಂಡಿಗಳ ಪಕ್ಕ ಕೊಡೆ ನೆಟ್ಟು ಕೂತರು. ಬಂದ ಪ್ರತಿ ಕೊಡಕ್ಕೂ ಪುಡಿಯ ತಿಳಿ ಹಾಕಿ, ಅರ್ಧ ತಾಸು ಕಾಯಿಸಿ ಬಿಡುತ್ತಿದ್ದರು. ಬೆಂಕಿಯಂಥ ಬಿಸಿಲಿನಲ್ಲಿ ಹೆಂಗಸರನ್ನು ಅರ್ಧ ತಾಸು ನಿಲ್ಲಿಸುವುದೆಂದರೆ ಬೈಗುಳಕ್ಕೆ ಕೊರತೆ ಇರುವುದಿಲ್ಲ. ಅವರಿಗೆ ಅದರ ರೂಢಿ ಇತ್ತು. ಆದರೆ ಅವರು ಬರುವ ಮೊದಲೇ, ನಸುಕಿನಲ್ಲಿ, ಎಷ್ಟೋ ಕೊಡಗಳು ಹೋಗಿಬಿಟ್ಟಿರುತ್ತಿದ್ದವು. ಇಡೀ ಊರಿನ ಕೈ ಆ ಮೂರು ಗುಂಡಿಗಳಲ್ಲಿ ಅದ್ದಿ ಏಳುತ್ತಿತ್ತು.

ಶನಿವಾರ ನನ್ನ ಗೆರೆ ತಿರುಗಿತು. ಎಂಟು ಮನೆಯಲ್ಲಿದ್ದದ್ದು ಊರ ತುಂಬ ಆಯಿತು. ಭಾನುವಾರ ಮಧ್ಯಾಹ್ನ ಸಾಬಮ್ಮನ ಮಗಳು ಆಸ್ಪತ್ರೆಯ ದಾರಿಯಲ್ಲಿ, ರೈಲು ಗೇಟು ತೆಗೆಯುವುದನ್ನು ಕಾಯುತ್ತಿದ್ದ ಟಂಟಂ ಗಾಡಿಯಲ್ಲಿ, ಹೊಟ್ಟೆಯ ಕೂಸಿನ ಜೊತೆ ತೀರಿಹೋದಳು.

ಸೋಮವಾರ ನಾನು ಜೀಪಿನಲ್ಲಿ ಹೊಳೆಗೆ ಹೋದದ್ದು ಕಾಕಾರನ್ನು ಕರೆತರಲಿಕ್ಕೆ. ಜೀಪು ದಂಡೆಯ ಮೇಲೆ ನಿಂತಾಗಲೇ ಕೆಳಗೆ ಮಂದಿ ಸೇರಿದ್ದರು. ಸಾಬಮ್ಮನ ಮಗಳ ಮಣ್ಣು ಮುಗಿಸಿ ಸ್ನಾನಕ್ಕೆ ಬಂದವರು, ಒದ್ದೆ ಧೋತರದಲ್ಲಿ. ನಡುವೆ ಕಾಕಾ. ಡ್ರೈವರ್ ಪರಿಸ್ಥಿತಿ ನೋಡಿ ಪೊಲೀಸರಿಗೆ ಫೋನು ಹಚ್ಚಲು ಸಿಗ್ನಲ್ ಹುಡುಕುತ್ತ ದಿಬ್ಬದ ಕಡೆ ಓಡಿದ. ನಾನು ಒಬ್ಬಳೇ ಉಳಿದೆ. ಮೂವತ್ತು ಹೆಜ್ಜೆ ದೂರ. ಗಾಜು ಅರ್ಧ ಇಳಿದಿತ್ತು, ಮಾತು ಒಂದೊಂದೂ ಕೇಳುತ್ತಿತ್ತು.

"ಬಾವಿ ಇದ್ದಾಗ ಬರೇ ಹೊಟ್ಟಿ ಕಡಿತಿತ್ತು. ಮುಚ್ಚಿದ ಮ್ಯಾಲ ಹೆಣ ಬೀಳ್ಲಿಕತ್ತಾವ."

"ಈಗ ಇಲ್ಲೀನೂ ಪುಡಿ ಹಾಕ್ಲಿಕತ್ತಾನ. ಇಂವನ ಪುಡೀನೇ ವಿಷ."

"ಯಾರ್ ಮುಚ್ಚಿಸಿದ್ದು ಬಾವಿ? ಹೇಳೋ ಮುದುಕ. ಆ ಜೀಪಿನಾಗ ಕುಂತಾಳಲ್ಲ, ಅಕಿ ಏನು?"

ಎಲ್ಲರೂ ತಿರುಗಿ ಜೀಪಿನ ಕಡೆ ನೋಡಿದರು. ಕಾಕಾ ಕೂಡ ನೋಡಿದರು. ನನ್ನ ಕೈ ಬಾಗಿಲಿನ ಗುಬುಟವನ್ನು ಒಳಗಿನಿಂದ ಒತ್ತಿತು. 'ಟಕ್' ಎಂದ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಯಾವ ಬಾಗಿಲು ಮುಚ್ಚಿಕೊಂಡರೂ ಅದು ಕೇಳುತ್ತದೆ, ಬಸ್ಸಿನದು, ಕಪಾಟಿನದು. ಇಳಿದು "ಹೌದು, ಲೆಕ್ಕ ನಂದು, ಇವರು ಬ್ಯಾಡ ಅಂದಿದ್ರು" ಎಂದಿದ್ದರೆ ಏನಾಗುತ್ತಿತ್ತೆಂದು ಸಾವಿರ ಸಲ ನಡೆಸಿ ನೋಡಿದ್ದೇನೆ. ಒಂದೊಂದು ಸಲ ಒಂದೊಂದು ರೀತಿ ಮುಗಿಯುತ್ತದೆ.

ಕಾಕಾ ನನ್ನ ಮೇಲಿಂದ ಕಣ್ಣು ತೆಗೆದರು.

"ಅಕಿ ಬರೇ ಬರ್ಕೊಳಾಕ ಬಂದ ಹುಡುಗಿ. ಮುಚ್ಚಿದಾವ ನಾನು. ಸಿಮೆಂಟ್ ಹಚ್ಚಿದ್ದು ಈ ಕೈ, ನೀವೇ ನೋಡಿರಲ್ಲ." ಎರಡೂ ಬಿಳಿ ಕೈಗಳನ್ನು ಎತ್ತಿ ತೋರಿಸಿದರು.

ಒಬ್ಬ ಅವರ ಪುಡಿಯ ಚೀಲ ಕಸಿದುಕೊಂಡ. "ತಿನ್ನು. ನಿನ್ನ ಔಷಧ ನೀನೇ ತಿನ್ನು." ಇಬ್ಬರು ಕೈ ಹಿಡಿದರು. ಹಿಡಿಹಿಡಿಯಾಗಿ ಬಾಯಿಗೆ ತುರುಕಿದರು. ಅವರು ಮುಖ ತಿರುಗಿಸಿದಾಗ ಕಣ್ಣಿಗೆ ಬಿತ್ತು. ಒದ್ದೆ ಕಣ್ಣಿಗೆ ಆ ಪುಡಿ ಬಿದ್ದರೆ ಏನಾಗುತ್ತದೆಂದು ಅಲ್ಲಿದ್ದವರಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಅವರು ಕೂಗಲಿಲ್ಲ. ಮೊಣಕಾಲ ಮೇಲೆ ಕುಸಿದು, ಕುರುಡರ ಹಾಗೆ ಕೈ ಚಾಚಿ, "ನೀರು, ನೀರು ಹಾಕ್ರಿ ಕಣ್ಣಿಗಿ," ಎಂದರು. ಹಿಡಿದವರು ಅಷ್ಟರಲ್ಲಿ ಹೆದರಿ ಹಿಂದೆ ಸರಿದಿದ್ದರು. ಕಾಕಾರಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವಳು ಸಾಬಮ್ಮ. ಅವಳ ಸೊಂಟದ ಮೇಲೆ ತುಂಬಿದ ಕೊಡ.

"ಯವ್ವಾ, ನೀರು," ಎಂದರು ಕಾಕಾ.

ಸಾಬಮ್ಮ ಅವರ ಮುಖ ನೋಡುತ್ತ ಕೊಡವನ್ನು ಉಸುಕಿಗೆ ಬಗ್ಗಿಸಿದಳು. ನಿಧಾನವಾಗಿ, ಕೊನೆಯ ಹನಿಯವರೆಗೂ. ಯಾರೂ ಅವಳನ್ನು ತಡೆಯಲಿಲ್ಲ. ನಾನೂ ತಡೆಯಲಿಲ್ಲ. ನನ್ನ ಕಾಲ ಬಳಿ ಎರಡು ಲೀಟರಿನ ನೀರಿನ ಬಾಟಲಿ ಇತ್ತು.

ಪೊಲೀಸರು ಬಂದದ್ದು ಮುಕ್ಕಾಲು ತಾಸಿನ ಮೇಲೆ.

ಮಾರನೆಯ ದಿನ ಬಾವಿಯ ಕಲ್ಲು ತೆಗೆಸಿದರು. ಚರಂಡಿ ಕಟ್ಟಿದರು, ಪುಡಿ ಹಾಕಿದರು, ಕಾವಲು ಕೂಡಿಸಿದರು. ಕಾಕಾ ಹೇಳಿದ್ದ ಎಲ್ಲವನ್ನೂ ಅದೇ ಕ್ರಮದಲ್ಲಿ ಮಾಡಿದರು, ಕಾಕಾ ಇಲ್ಲದೆ. ವಾರದೊಳಗೆ ಬೇನೆ ನಿಂತಿತು. ವರದಿಯಲ್ಲಿ "ಕ್ಷೇತ್ರ ಸಿಬ್ಬಂದಿಯು ಸಾರ್ವಜನಿಕರಲ್ಲಿ ತಿಳಿವಳಿಕೆ ಮೂಡಿಸುವಲ್ಲಿ ವಿಫಲರಾದ ಕಾರಣ" ಎಂದು ಒಂದು ವಾಕ್ಯ ಇತ್ತು. ಸಾಹೇಬರು ಹೇಳಿದರು, ನಾನು ಟೈಪು ಮಾಡಿದೆ. ಕಾಕಾರಿಗೆ ನೋಟಿಸು ಹೋಯಿತು. ಆ ಕಾಗದ ಓದಲಿಕ್ಕೆ ಅವರಿಗೆ ಎಡಗಣ್ಣು ಒಂದೇ ಉಳಿದಿತ್ತು, ಅದೂ ಮಸುಕು.

ವಾಡಿಯ ರೈಲು ಹಳಿಯ ಹತ್ತಿರದ ಅವರ ಮನೆಗೆ ನಾನು ಹೋಗಲು ಧೈರ್ಯ ಮಾಡಿದ್ದು ಎಷ್ಟೋ ತಿಂಗಳ ಮೇಲೆ. ಮಂಚದ ಪಕ್ಕ, ನೆಲದ ಕಲ್ಲಿನ ಮೇಲೆ ಕಾಳುಗಳು. ಈಗ ಮುಟ್ಟಿ ಗುರುತಿಸುತ್ತಿದ್ದರು. ಪುಡಿ ಒಳಗೆ ಹೋಗಿ ಎದೆ ಕೆಟ್ಟಿತ್ತು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಗೂಡ್ಸು ಗಾಡಿ ದಾಟಿಹೋಗುವಷ್ಟು ಹೊತ್ತು ಹಿಡಿಯುತ್ತಿತ್ತು. ಅವರ ಹೆಂಡತಿ ಚಹಾ ತಂದಿಟ್ಟರು. ಕಾಕಾ ಹೇಳಿದರು, "ಕುಡಿ. ಬಾವಿ ನೀರೇ ಅದ, ಹಳದಿ ಆಗ್ಯದ."

ನಾನು ಅತ್ತೆ. ಅವರು ಅಳು ಮುಗಿಯುವವರೆಗೆ ಕಾಳು ಸರಿಸುತ್ತಿದ್ದರು.

"ಊರಿಗಿ ಹೋಗಿ ಹೇಳ್ತೀನಿ ಕಾಕಾ. ಸಾಬಮ್ಮಗ ಹೇಳ್ತೀನಿ, ಲೆಕ್ಕ ನಂದು ಅಂತ."

"ಬ್ಯಾಡ." ಗಾಡಿ ದಾಟಿತು. "ಅಕಿ ಮಗಳನ್ನ ಕಳಕೊಂಡಾಳ. ಬೈಲಿಕ್ಕ ನಾನೊಬ್ಬ ಅದೀನಿ ಅಂತ ಉಳದಾಳ. ಅದನ್ನೂ ಯಾಕ ಕಸ್ಕೊಳ್ತಿ?"

"ನನಗ ನಿದ್ದಿ ಬರಲ್ಲ ಕಾಕಾ."

"ಅದಕ್ಕ ಅಕಿ ಏನ್ ಮಾಡ್ಬೇಕು?" ಎಂದರು. ಅಷ್ಟು ಗಡಸಾಗಿ ಅವರು ನನ್ನ ಜೊತೆ ಹಿಂದೆಂದೂ ಮಾತಾಡಿರಲಿಲ್ಲ. ಆಮೇಲೆ ಬಿಳಿ ಬೆರಳಿನಿಂದ ಒಂದು ತೊಗರಿ ಕಾಳು ಎತ್ತಿ ನನ್ನ ಅಂಗೈಯಲ್ಲಿಟ್ಟರು. "ಮೊದಲ ನಿನ್ನ ಕಂಪ್ಯೂಟರದಾಗ ಬ್ಯಾಳಿ ಹಾಕು. ಮುಂದಿನ ಊರಿಗರ ಉಪಯೋಗಕ್ಕ ಬರ್ಲಿ."

ಹಾಕಿದೆ. ಈಗ ನನ್ನ ಲೆಕ್ಕದಲ್ಲಿ ಪ್ರತಿ ನೀರಿಗೂ ದೂರದ ಜೊತೆ ಇನ್ನೊಂದು ಅಂಕಣ ಇದೆ: ಬೇಳೆ ಬೇಯುತ್ತದೆ, ಬೇಯುವುದಿಲ್ಲ. ಅದನ್ನು ತುಂಬಿ, ಆ ಸೋಮವಾರದ ಊರನ್ನು ಮತ್ತೆ ಓಡಿಸಿದೆ. ಬಾವಿ ಮುಚ್ಚಿದ ಗೆರೆ ಮೂರು ದಿನ ಇಳಿದು, ಆರನೆಯ ದಿನ ಏರಿ, ಪರದೆಯ ಮೇಲಿನ ಅಂಚಿಗೆ ಹೋಗಿ ತಾಗಿತು. ಎಲ್ಲವೂ ನಡೆದ ಹಾಗೆಯೇ. ಕಡಿಮೆಯಾಗಿದ್ದದ್ದು ಬರೀ ಒಂದು ಅಂಕಣ. ಸೇಡಂ, ಚಿಂಚೋಳಿ ಕಡೆಯ ಎರಡು ಊರುಗಳಲ್ಲಿ ಆಮೇಲೆ ವಾಂತಿಭೇದಿ ಬಂದಾಗ ಅದೇ ಲೆಕ್ಕ ತೋರಿಸಿ ಬಾವಿ ತೆರೆದೇ ಇಡಿಸಿದೆ. ಅಲ್ಲಿ ಯಾರೂ ಸಾಯಲಿಲ್ಲ. ಅಲ್ಲಿಯ ಯಾರಿಗೂ ಪೌಡರ್ ಸಾಹೇಬರ ಋಣ ತಮ್ಮ ಮೇಲಿದೆ ಎಂದು ಗೊತ್ತಿಲ್ಲ.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮೈ ತೊಳೆಯುವಾಗ ನೆಂಟರೊಬ್ಬರು ಆ ಕೈಗಳನ್ನು ನೋಡಿ ಏನೋ ಚರ್ಮದ ರೋಗ ಎಂದು ಹಿಂದೆ ಸರಿದರಂತೆ. ಅವರ ಹೆಂಡತಿಯೇ ಆ ಕೈಗಳನ್ನು ತೊಳೆದರಂತೆ.

ಅವರಿದ್ದಷ್ಟು ದಿನ ಅವರ ಮಾತು ಮೀರಲಿಲ್ಲ. ಹೋದ ತಿಂಗಳ ಒಂದು ಗುರುವಾರ ಮೀರಿದೆ. ಮಧ್ಯಾಹ್ನದ ಬಸ್ಸಿಗೆ ಆ ಊರಿಗೆ ಹೋದೆ. ಸಾಬಮ್ಮ ಒಲೆಯ ಮುಂದೆ ಇದ್ದಳು. ಬೇಳೆ ಕುದಿಯುತ್ತಿತ್ತು. ಒಂದು ಚೂರು ಬೆರಳಲ್ಲಿ ಒತ್ತಿ ನೋಡಿದಳು, ಬೆಣ್ಣೆಯ ಹಾಗೆ ಹಿಸುಕಿಹೋಯಿತು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬಾವಿ ಮುಚ್ಚಿ ಎಂದ ಲೆಕ್ಕ ನನ್ನದು, ಪೌಡರ್ ಸಾಹೇಬರು ಬೇಡ ಎಂದು ಕೈ ಮುಗಿದಿದ್ದರು, ಅಂದು ಹೊಳೆಯಲ್ಲಿ ನನ್ನನ್ನು ಉಳಿಸಲು ತಮ್ಮ ಹೆಸರು ಹೇಳಿದರು.

ಸಾಬಮ್ಮ ಒಲೆಯ ಉರಿ ಹಿಂದಕ್ಕೆಳೆದಳು.

"ಅಂವ ಕಣ್ಣಿಗಿ ನೀರು ಕೇಳಿದ. ನಾ ಕೊಡ ಬಗ್ಗಿಸಿದೆ," ಎಂದಳು. "ನೀ ನೋಡಿದ್ದಿ."

"ನೋಡಿದ್ದೆ."

"ಮೂರು ವರ್ಷ ಆತು. ನನ್ನ ಮಗಳನ್ನ ಕೊಂದಾವಗ ನೀರು ಹಾಕಲಿಲ್ಲ, ಛಲೋ ಮಾಡಿದೆ ಅಂತ ಅದೊಂದು ಇಟ್ಕೊಂಡು ಕುಂತಿದ್ದೆ. ಬ್ಯಾರೇನೂ ಉಳಿದಿರಲಿಲ್ಲ ನನ್ನ ಹತ್ರ." ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ಈಗ ನೀ ಬಂದು ಅದನ್ನೂ ಒಯ್ಯಾಕತ್ತಿ. ಯಾಕ ಬಂದಿ? ನಿದ್ದಿ ಬರ್ಲಿಕತ್ತಿಲ್ಲೇನು?"

ನಾನು ಹೌದು ಎಂದು ತಲೆಯಾಡಿಸಿದೆ.

"ಹೋಗು," ಎಂದಳು. "ಹೋಗಿ ಮಲ್ಕೋ."

ಬಾಗಿಲಿನಿಂದ ಬಾವಿ ಕಾಣುತ್ತಿತ್ತು. ಕಟ್ಟೆಯ ಪಕ್ಕದಲ್ಲಿ ಆ ಶಹಾಬಾದ ಕಲ್ಲುಗಳನ್ನು ಬಟ್ಟೆ ಒಗೆಯಲು ಹಾಸಿಕೊಂಡಿದ್ದಾರೆ. ಒಂದರ ಅಂಚಿನ ಸಿಮೆಂಟಿನಲ್ಲಿ ಬೆರಳಿನ ಗುರುತು ಇನ್ನೂ ಇದೆ, ನಾಲ್ಕು ಬೆರಳು. ಅದನ್ನು ಮುಟ್ಟಿ ಬಸ್ಸಿಗೆ ಬಂದೆ.

ಆ ದಿನ ನಾನು ಮಲಗಿದವಳು ಬೆಳಗಾಗುವವರೆಗೆ ಏಳಲಿಲ್ಲ. ಬಾಗಿಲಿನ ಸದ್ದಿಲ್ಲ, ಕನಸಿಲ್ಲ, ಮೂರು ವರ್ಷದಲ್ಲಿ ಮೊದಲ ಸಲ. ಎದ್ದಾಗ ಬಿಸಿಲು ಮುಖದ ಮೇಲೆ ಬಿದ್ದಿತ್ತು. ಮೈ ಹಗುರವಾಗಿತ್ತು. ಸಾಬಮ್ಮ ಆ ರಾತ್ರಿ ಹೇಗೆ ಕಳೆದಳೋ ನನಗೆ ಗೊತ್ತಿಲ್ಲ. ಕೇಳಲಿಕ್ಕೆ ನಾನು ಇನ್ನೂ ಹೋಗಿಲ್ಲ.